ನಾಲ್ಕು ಮೂಟೆ ಕಡಲೆಬೀಜ, ಎಗೆಸ್ಸಾನ ಹೆಸರಿನಲ್ಲಿ

೧

ಈ ಕಥೆಯನ್ನು ಎಲ್ಲಿಂದ ಶುರು ಮಾಡುವುದು? ಗಡಿಯಿಂದ ಎನ್ನುವುದು ಸುಲಭ, ಆದರೆ ಯಾವ ಕಡೆಯಿಂದ? ಉಗಾಂಡದಿಂದ ಶುರು ಮಾಡಿದರೆ ಕೀನ್ಯಾದವರಿಗೆ ಮುನಿಸು. ಕೀನ್ಯಾದಿಂದ ಶುರು ಮಾಡಿದರೆ ನನಗೆ ನಷ್ಟ, ಏಕೆಂದರೆ ನನ್ನ ಜೆರಾಕ್ಸ್ ಅಂಗಡಿ ಇರುವುದು ಉಗಾಂಡದ ಕಡೆ. ಪೇಟೆಯ ಹೆಸರನ್ನಂತೂ ಹೇಳುವುದಿಲ್ಲ. ಹೇಳಿದರೆ ಕಸ್ಟಮ್ಸ್‌ನವರು ಬಂದು, ನಮ್ಮ ಬಗ್ಗೆ ಏನೋ ಬರೆದಿದ್ದೀಯಂತೆ ಎಂದು ಕೂರುತ್ತಾರೆ. ಅವರಿಗೆ ಚಹಾ ತರಿಸಿ ತರಿಸಿ ಸಾಕಾಗಿದೆ.

ಮೊದಲ ಡ್ರಾಫ್ಟ್ ಹೀಗಿತ್ತು: ಪೋಲಿಯೋದಿಂದ ಎರಡೂ ಕಾಲಿನ ಶಕ್ತಿ ಕಳೆದುಕೊಂಡ ನತದೃಷ್ಟ ಎಗೆಸ್ಸಾ, ಕೈಯಿಂದ ಪೆಡಲ್ ತಿರುಗಿಸುವ ತನ್ನ ಮೂರುಗಾಲಿ ಗಾಡಿಯಲ್ಲಿ, ಸುಡುಬಿಸಿಲಿನಲ್ಲಿ...

ಇಲ್ಲಿಗೇ ತಡೆದ. (ಎಗೆಸ್ಸಾ ನನ್ನ ಅಂಗಡಿಯಲ್ಲೇ ಕೂತು ಫಾರಂ ತುಂಬಿಸುತ್ತಿದ್ದ. ಪಾತ್ರಗಳನ್ನು ಎದುರಿಗೆ ಕೂರಿಸಿಕೊಂಡು ಕಥೆ ಬರೆಯಬಾರದೆಂಬ ಬುದ್ಧಿ ನನಗೆ ಬಂದಿದ್ದು ಅವತ್ತೇ.)

"ನತದೃಷ್ಟ ಅಂತ ಯಾರಿಗೋ ಅಂದಿದ್ದು?"

"ಓದೋರಿಗೆ ಅಯ್ಯೋ ಅನ್ನಿಸ್ಬೇಕಲ್ಲ ಅಣ್ಣ."

"ಇಪ್ಪತ್ತೆರಡು ವರ್ಷ ಅಯ್ಯೋ ಅನ್ನಿಸ್ಕೊಂಡಿದ್ದು ಸಾಕು. ಹೊಡೆದು ಹಾಕು ಅದನ್ನ."

ಹೊಡೆದು ಹಾಕಿದೆ.

೨

ಹಾಗಾದರೆ ಇದ್ದದ್ದನ್ನು ಇದ್ದಹಾಗೆ ಹೇಳುತ್ತೇನೆ. ಇಪ್ಪತ್ತೆರಡು ವರ್ಷ ಎಗೆಸ್ಸಾ ಅಂಗಡಿಕಾರರ ಸರಕನ್ನು ಸುಂಕ ಕಟ್ಟದೆ ಗಡಿ ದಾಟಿಸಿದ. ಕಾಲಿಲ್ಲದವನ ಗಾಡಿಯನ್ನು ಯಾವ ಅಧಿಕಾರಿಯೂ ತಡೆಯುತ್ತಿರಲಿಲ್ಲ, ಪಾಪ ಹೋಗಲಿ ಎಂದು ಕೈಬೀಸುತ್ತಿದ್ದರು. ಅಂಗಡಿಕಾರರಿಗೆ ಬೇಕಾಗಿದ್ದೂ ಆ ಪಾಪವೇ. ಆಮೇಲೆ ನೆರೆಯ ದೇಶಗಳೆಲ್ಲ ಒಂದು ಕೂಟ ಕಟ್ಟಿಕೊಂಡವು. ಇಲ್ಲಿ ಬೆಳೆದದ್ದಕ್ಕೆ ಅಲ್ಲಿ ಸುಂಕವಿಲ್ಲ, ಸಣ್ಣ ವ್ಯಾಪಾರಿಗೆ ಒಂದೇ ಹಾಳೆಯ ಪ್ರಮಾಣಪತ್ರ ಸಾಕು ಎಂದಾಯಿತು. ಎರಡೂ ದೇಶದ ಅಧಿಕಾರಿಗಳು ಈಗ ಒಂದೇ ಸೂರಿನಡಿ ಅಕ್ಕಪಕ್ಕ ಕೂರುತ್ತಾರೆ. ಒಬ್ಬರು ಸೀಲು ಒತ್ತಿ ಜರುಗಿಸಿದರೆ ಇನ್ನೊಬ್ಬರು ಒತ್ತುತ್ತಾರೆ. ಹಿಂದೆ ಎರಡು ಕಟ್ಟಡ, ಎರಡು ಸಾಲು, ಎರಡು ಥರದ ಬೈಗುಳ ಇದ್ದವು. ಇದನ್ನು ಬರೆಯುವಾಗ ನನಗೆ ಹೆಮ್ಮೆಯಾಗುತ್ತದೆ, ಮುಚ್ಚಿಡುವುದೇಕೆ.

ಕಳ್ಳದಾರಿಯ ಕೆಲಸ ಕಡಿಮೆಯಾದ ಮೇಲೆ, ಅವನ ಹಾಗೆಯೇ ಮೂರುಗಾಲಿ ಗಾಡಿಯಲ್ಲಿ ಸರಕು ದಾಟಿಸುತ್ತಿದ್ದ ಗಾಡಿಯವರೆಲ್ಲ ಗೊಣಗಿದರು. ಎಗೆಸ್ಸಾ ಮಾತ್ರ ಚಿಕ್ಕಮ್ಮನ ಊರಿಗೆ ಹೋಗಿ ನಾಲ್ಕು ಮೂಟೆ ಕಡಲೆಬೀಜ ಕೊಂಡ. ಕೀನ್ಯಾದ ಕಿಸುಮು ಊರಿನ ಗಿರಣಿಯ ಲಾರಿ ಮಧ್ಯಾಹ್ನ ಹನ್ನೆರಡರವರೆಗೆ ಗೇಟಿನ ಆಚೆ ನಿಂತಿರುತ್ತದೆ. ಪ್ರಮಾಣಪತ್ರದಲ್ಲಿ ಯಾರ ಹೆಸರಿದೆಯೋ ಅವರ ಸರಕನ್ನಷ್ಟೇ ಅದು ತೆಗೆದುಕೊಳ್ಳುವುದು. ಅಂದರೆ ಎಗೆಸ್ಸಾನಿಗೆ ಬೇಕಾಗಿದ್ದು ಒಂದೇ, ಆ ಹಾಳೆಯಲ್ಲಿ ವ್ಯಾಪಾರಿ ಎನ್ನುವ ಪದದ ಮುಂದೆ ತನ್ನ ಹೆಸರು.

"ನಿಂಗೆ ಹುಚ್ಚು," ಎಂದ ಓಜಾಂಬೋ, ಅವನೂ ಗಾಡಿಯವನೇ. "ಸುಮ್ನೆ ಬಿಡ್ತಾರೆ ಕಣೋ ನಮ್ಮನ್ನ! ಹೋಗಿ ಹೋಗಿ ಹಿಡ್ಕೊಳ್ಳಿ ಅಂತೀಯಾ?"

"ಹೂಂ. ಹಿಡ್ಕೊಳ್ಳಿ ಅಂತೀನಿ."

೩

(ಇಲ್ಲಿ ಮುಂಜಾವಿನ ವರ್ಣನೆ ಬರಬೇಕಿತ್ತು. ಬರೆದಿದ್ದೆ. ಅಷ್ಟು ಹೊತ್ತು ಲಾರಿ ಕಾಯುವುದಿಲ್ಲ ಎಂದು ಎಗೆಸ್ಸಾ ಹೇಳಿದ್ದರಿಂದ ಬಿಟ್ಟಿದ್ದೇನೆ.)

ಹನ್ನೊಂದು ಗಂಟೆ. ಕಸ್ಟಮ್ಸ್ ಕಿಟಕಿಯಲ್ಲಿ ಜೆರೋಪ್ ಎಂಬ ಕೀನ್ಯಾದ ಅಧಿಕಾರಿ ಇದ್ದಳು, ಹೊಸದಾಗಿ ವರ್ಗವಾಗಿ ಬಂದವಳು. ಕಿಟಕಿ ನಿಂತವರ ಎದೆಮಟ್ಟಕ್ಕಿತ್ತು, ಗಾಡಿಯಲ್ಲಿ ಕೂತವನ ತಲೆಯೂ ಅವಳಿಗೆ ಕಾಣುವಂತಿರಲಿಲ್ಲ. ಫಾರಂ ಹಿಡಿದ ಒಂದು ಕೈ ಮಾತ್ರ ಮೇಲೆ ಬಂತು. ಅವಳು ಬಗ್ಗಿ ನೋಡಿ, ಎಲ್ಲರೂ ಮಾಡಿದ್ದನ್ನೇ ಮಾಡಿದಳು.

"ಹೋಗಿ ಮಾಮ, ಹೋಗಿ. ನಿಮಗ್ಯಾಕೆ ಕಾಗದ?"

"ಹೋಗಲ್ಲ. ತಪಾಸಣೆ ಮಾಡಿ."

"ಪರವಾಗಿಲ್ಲ ಹೋಗಿ ಅಂದ್ನಲ್ಲ."

"ಪರವಾಗಿದೆ! ನಾಲ್ಕು ಮೂಟೆ ಇದೆ, ನನ್ನ ಸರಕು. ನೋಡಿ, ಬಿಚ್ಚಿ, ಆಮೇಲೆ ಸೀಲ್ ಹಾಕಿ."

ಗಾಡಿಯನ್ನು ದಾರಿಗೆ ಅಡ್ಡ ನಿಲ್ಲಿಸಿ ಬ್ರೇಕ್ ಹಾಕಿದ. ಹಿಂದೆ ಬುಟ್ಟಿ ಹೊತ್ತ ಹೆಂಗಸರ ಸಾಲು ಬೆಳೆಯಿತು. ಬಾಳೆಗೊನೆಯವಳೊಬ್ಬಳು ಕೂಗಿದಳು, "ಪಾಪ, ಬಿಡಮ್ಮ ಅವರನ್ನ!"

"ಪಾಪ ಅಂದ್ರೆ ನಾನು ಇಲ್ಲಿಂದ ಕದಲಲ್ಲ," ಎಂದ ಎಗೆಸ್ಸಾ.

ಜೆರೋಪ್ ಎದ್ದು, ಬಾಗಿಲು ತೆಗೆದು ಹೊರಗೆ ಬಂದಳು. ಅವನನ್ನು ನೋಡಿದಳು, ಮೂಟೆಗಳನ್ನು ನೋಡಿದಳು, ಗಾಡಿಯ ಸುತ್ತ ಒಂದು ಸುತ್ತು ಬಂದಳು.

"ಸೀಟಿನ ಕೆಳಗೇನಿದೆ?"

ಇಪ್ಪತ್ತೆರಡು ವರ್ಷದಲ್ಲಿ ಈ ಪ್ರಶ್ನೆ ಕೇಳಿದ ಮೊದಲ ಅಧಿಕಾರಿ ಅವಳು. ಎಗೆಸ್ಸಾನಿಗೆ ಎದೆ ತುಂಬಿ ಬಂತು. ಸಾಲಿನಲ್ಲಿದ್ದ ಹೆಂಗಸರು ಗದ್ದಲ ಎಬ್ಬಿಸಿದರು, "ಕಾಲಿಲ್ಲದವನ್ನ ಸೀಟಿಂದ ಇಳಿಸ್ತಾಳಂತೆ, ನಾಚ್ಕೆ ಆಗಲ್ವಾ!"

"ಸುಮ್ನಿರ್ರಮ್ಮಾ! ಮೇಡಂ ಕೆಲಸ ಮಾಡ್ತಿದ್ದಾರೆ!" ಎಂದು ಗದರಿ, ಎರಡೂ ತೋಳಿನ ಮೇಲೆ ಮೈ ಎತ್ತಿ ನೆಲಕ್ಕೆ ಇಳಿದ. ತಾನೇ ಸೀಟು ತೆಗೆದ.

ಕೆಳಗೆ ಎರಡು ಕಟ್ಟು ಸಿಗರೇಟು ಇದ್ದವು.

೪

ಬೆಳಿಗ್ಗೆ ಸಿಗರೇಟು ಅಂಗಡಿಯವನು ದಿನದ ಹಾಗೆ ಕೊಟ್ಟಿದ್ದ. ದಿನದ ಹಾಗೆ ಕೈ ಅದನ್ನು ಸೀಟಿನ ಕೆಳಗಿಟ್ಟಿತ್ತು. ಇವತ್ತಿನಿಂದ ಎಗೆಸ್ಸಾ ವ್ಯಾಪಾರಿ ಎಂದು ಕೈಗೆ ಯಾರೂ ಹೇಳಿರಲಿಲ್ಲ.

ಇಲ್ಲಿ ನಾನು ಪೆನ್ನು ಕೆಳಗಿಟ್ಟೆ. ನನ್ನ ಹತ್ತಿರ ಬೇರೆ ಮುಕ್ತಾಯಗಳಿದ್ದವು.

ಅ) ಸೀಟಿನ ಕೆಳಗೆ ಒಂದು ಹಳೆಯ ಚಿಂದಿ ಬಟ್ಟೆ ಮಾತ್ರ. ಎಲ್ಲರೂ ಚಪ್ಪಾಳೆ ತಟ್ಟುತ್ತಾರೆ.

ಆ) ಸಿಗರೇಟು ಇರುತ್ತದೆ, ಆದರೆ ಜೆರೋಪ್ ಕನಿಕರಪಟ್ಟು ಕಾಣದಂತೆ ಸೀಟು ಮುಚ್ಚುತ್ತಾಳೆ. (ಇದು ನನಗೆ ತುಂಬ ಹಿಡಿಸಿತ್ತು.)

"ಎರಡನೇದು ಬರೆದ್ರೆ ನಿನ್ನ ಅಂಗಡಿಗೆ ಕಾಲಿಡಲ್ಲ," ಎಂದ ಎಗೆಸ್ಸಾ.

"ನೀನು ಹೇಗೂ ಕಾಲಿಡಲ್ವಲ್ಲ ಅಣ್ಣ."

ಹೊಟ್ಟೆ ಹಿಡಿದು ನಕ್ಕ. ಆಮೇಲೆ ನಗು ನಿಲ್ಲಿಸಿ, "ಸಿಕ್ಕಿದ್ದನ್ನೂ ಬರಿ," ಎಂದ.

ಬರೆಯುತ್ತೇನೆ. ಜೆರೋಪ್ ಕಟ್ಟುಗಳನ್ನು ಎತ್ತಿ ಹಿಡಿದಳು. "ಇದು ಯಾರದು?"

ಅಂಗಡಿಯವನ ಹೆಸರು ಹೇಳಿದ್ದರೆ ಮುಗಿಯುತ್ತಿತ್ತು. ಕಣ್ಣಲ್ಲಿ ನೀರು ತಂದಿದ್ದರಂತೂ ಇನ್ನೂ ಬೇಗ ಮುಗಿಯುತ್ತಿತ್ತು.

"ನನ್ನ ಗಾಡೀಲಿದೆ, ನಾನೇ ಇಟ್ಟಿದ್ದು. ಬರ್ಕೊಳ್ಳಿ."

"ಜಪ್ತಿ ಮಾಡ್ಬೇಕಾಗತ್ತೆ. ಇನ್ನೊಂದ್ಸಲ ಸಿಕ್ಕಿದ್ರೆ ಗಾಡೀನೂ ಹೋಗತ್ತೆ."

"ಮಾಡಿ. ಕಡಲೆಬೀಜ ನೋಡಿ."

ಅವಳು ಜಪ್ತಿ ಚೀಟಿ ಬರೆದಳು. ಆಮೇಲೆ ಒಂದು ಮೂಟೆ ಬಿಚ್ಚಿಸಿ, ನಾಲ್ಕು ಬೀಜ ತೆಗೆದು ಕಚ್ಚಿ ನೋಡಿದಳು, ಚೆನ್ನಾಗಿ ಒಣಗಿವೆ ಎಂದಳು. ಒಳಗೆ ಹೋಗಿ ಸೀಲು ಒತ್ತಿ ಜರುಗಿಸಿದಳು, ಪಕ್ಕದ ಉಗಾಂಡದವನೂ ಒತ್ತಿದ. ಹಾಳೆ ಹಿಡಿದು ಮತ್ತೆ ಹೊರಗೆ ಬಂದು, ಸಾಲಿಗೆಲ್ಲ ಕೇಳುವಂತೆ ಓದಿದಳು:

"ವ್ಯಾಪಾರಿ, ಎಗೆಸ್ಸಾ."

"ಹಾಜರ್!" ಎಂದ, ಶಾಲೆಯಲ್ಲಿ ಕೂಗುವ ಹಾಗೆ. ಅವನು ಶಾಲೆಗೆ ಹೋದವನಲ್ಲ. ಪ್ರಮಾಣಪತ್ರವನ್ನು ಅಂಗಿಯ ಜೇಬಿನಲ್ಲಿಟ್ಟುಕೊಂಡ, ಜಪ್ತಿ ಚೀಟಿಯನ್ನೂ. ಅದರಲ್ಲೂ ಅವನ ಹೆಸರಿತ್ತು.

೫

ಮುಗಿಯಿತೆ? ಗಡಿಯಾರ ಹನ್ನೆರಡಕ್ಕೆ ಐದು ನಿಮಿಷ ತೋರಿಸುತ್ತಿತ್ತು. ಲಾರಿ ಸಿಕ್ಕಿತೋ ಇಲ್ಲವೋ ನೋಡಿ ನಿಮಗೆ ಹೇಳೋಣವೆಂದು ನಾನೂ ಬರೆದ ಹಾಳೆಗಳನ್ನು ಹಿಡಿದುಕೊಂಡೇ ಕಿಟಕಿಗೆ ಓಡಿದೆ.

"ಏನು ಸಾಗಿಸ್ತಿದ್ದೀರಿ?" ಎಂದಳು ಜೆರೋಪ್.

"ಒಂದು ಕಥೆ ಅಷ್ಟೇ ಮೇಡಂ."

ಹಾಳೆಗಳನ್ನು ತೆಗೆದುಕೊಂಡು ಒಂದೊಂದನ್ನೂ ತಿರುವಿ ನೋಡಿದಳು. "ಯಾರದು ಇದು?"

ನನ್ನದು ಎನ್ನಲು ಬಾಯಿ ತೆರೆದೆ.

"ಎಗೆಸ್ಸಾ ಅವರದು," ಎಂದೆ.

"ಹಾಗಿದ್ರೆ ಅವರನ್ನೇ ಕರ್ಕೊಂಡ್ ಬನ್ನಿ. ಇನ್ನೊಬ್ರ ಸರಕು ನಿಮ್ಮ ಹೆಸರಲ್ಲಿ ದಾಟಲ್ಲ."

ತಿರುಗಿ ನೋಡಿದೆ. ಅವನು ಆಗಲೇ ಗೇಟು ದಾಟಿ ಕೀನ್ಯಾದ ಡಾಂಬರಿನ ಮೇಲಿದ್ದ. ಎರಡೂ ತೋಳು ಭರಭರನೆ ಪೆಡಲ್ ತಿರುಗಿಸುತ್ತಿದ್ದವು, ಹಿಂದೆ ನಾಲ್ಕು ಮೂಟೆ ಕುಲುಕುತ್ತಿದ್ದವು. ಎಗೆಸ್ಸಣ್ಣಾ ಎಂದು ಎರಡು ಸಲ ಕೂಗಿದೆ. ಅವನು ಪೆಡಲ್ ಬಿಟ್ಟು ತಿರುಗಿ ನೋಡಲಿಲ್ಲ.

ನಾನಿನ್ನೂ ಕಿಟಕಿಯ ಹತ್ತಿರವೇ ನಿಂತಿದ್ದೇನೆ. ಹಿಂದಿನ ಬಾಳೆಗೊನೆಯವಳು, "ಪಕ್ಕಕ್ಕೆ ಸರಿಯಪ್ಪ, ನಮ್ಮದು ನಿಜವಾದ ಸರಕು," ಎನ್ನುತ್ತಿದ್ದಾಳೆ.