ಮೇಲಿಂದ ಬಿಟ್ಟ ಬರ್ಗರ್

ಟೇಸನ್ ಬರ್ಗರಿಗೆ ಇಪ್ಪತ್ತೈದು ವರ್ಷ ತುಂಬಿತಂತೆ. ತುಂಬಲಿ. ಘಟಪ್ರಭಾ, ಗೋಕಾಕ, ಮೂಡಲಗಿ, ಹುಕ್ಕೇರಿ, ಎಲ್ಲಿ ಹೋದರೂ ಆ ಕೆಂಪು ಬೋರ್ಡು ಇದೆ, ಬೋರ್ಡಿನ ಕೆಳಗೆ ಜನ ಇದ್ದಾರೆ. ಹುಕ್ಕೇರಿ ಸಂತೆಗೆ ಬಂದವರು ಕಾಯಿಪಲ್ಲೆ ಚೀಲವನ್ನು ಕಾಲ ನಡುವೆ ಇಟ್ಟುಕೊಂಡು ತಿನ್ನುತ್ತಾರೆ. ಗೋಕಾಕ ಫಾಲ್ಸ್‌ಗೆ ಬಂದವರು ನೀರು ನೋಡುವ ಮೊದಲು ಅದನ್ನೇ ತಿನ್ನುತ್ತಾರೆ. ನಾನೂ ತಿನ್ನುತ್ತೇನೆ. ಮಡಿಕೆ ಕಾಳು, ಆಲೂಗಡ್ಡೆ ಕಲಸಿ ತಟ್ಟಿದ ಬಿಲ್ಲೆಯನ್ನು ಶೇಂಗಾ ಎಣ್ಣೆಯಲ್ಲಿ ಕರಿದು, ಮೇಲೆ ಕೆಂಪು ಖಾರ, ಶೇಂಗಾ ಚಟ್ನಿಪುಡಿ, ಹಸಿ ಉಳ್ಳಾಗಡ್ಡಿ ಹಾಕಿ, ಬೇಕರಿಯ ದುಂಡನೆಯ ಬನ್ನಿನೊಳಗೆ ಒತ್ತಿ ಕೊಡುವ ಆ ಬರ್ಗರನ್ನು ಬೈಯಲು ನನ್ನ ಬಾಯಿಗೆ ಆಗುವುದಿಲ್ಲ. ಅದನ್ನು ಮೊದಲು ಮಾಡಿದ್ದು ನನ್ನ ಅವ್ವ, ಸತ್ತೆವ್ವ.

ನನಗೆ ಸಿಟ್ಟು ಬಂದದ್ದು ಅದರ ಚರಿತ್ರೆಯ ಮೇಲೆ.

ನಾನು ಘಟಪ್ರಭೆಯ ಒಂದು ಆಸ್ಪತ್ರೆಯಲ್ಲಿ ನರ್ಸ್. ಆ ದಿನ ಮಧ್ಯಾಹ್ನ ಡಬ್ಬಿ ಬಿಚ್ಚಿ ಕುಳಿತಾಗ ಜತೆಯವಳೊಬ್ಬಳು ಮೊಬೈಲ್ ನನ್ನ ಮುಖಕ್ಕೆ ಹಿಡಿದು, "ಸುಮನಾ, ನೋಡ, ನಿಮ್ಮ ಅಂಗಡಿ ಸಿನಿಮಾ ಬಂದೈತಿ" ಎಂದಳು. ಇಪ್ಪತ್ತೈದು ವರ್ಷದ ಸಮಾರಂಭಕ್ಕೆ ಕಂಪನಿಯವರು ಮಾಡಿಸಿದ ಚಿತ್ರ. ಅದರಲ್ಲಿ ಒಬ್ಬ ಚಂದದ ಹುಡುಗ ಮಾಲೀಕ ಶೆಟ್ಟೆಪ್ಪನ ಪಾತ್ರ ಹಾಕಿದ್ದ. ಹಿಂದೆ ರೈಲು ಸೀಟಿ ಹೊಡೆಯುತ್ತಿತ್ತು. ಪ್ರಯಾಣಿಕರು ಕಿಟಕಿಯಿಂದ ಕೈ ಚಾಚುತ್ತಿದ್ದರು. ಆ ಹುಡುಗ ಬರ್ಗರನ್ನು ಎತ್ತರಕ್ಕೆ ಎತ್ತಿ, ಅವರು ಹಿಡಿದ ಕಾಗದದೊಳಗೆ ಟಪ್ಪನೆ ಬಿಡುತ್ತಿದ್ದ. ಹಿನ್ನೆಲೆಯ ದನಿ ಹೇಳಿತು: "ರೈಲು ಹೊರಡುವ ಅವಸರ. ಹಸಿದವರನ್ನು ಕಾಯಿಸಬಾರದೆಂದು ನಮ್ಮ ಸಂಸ್ಥಾಪಕರು ಮೇಲಿಂದಲೇ ಬಿಟ್ಟರು. ಅದೇ ಇಂದು ನೀವೆಲ್ಲ ಪ್ರೀತಿಸುವ ಟೇಸನ್ ಡ್ರಾಪ್!"

ಅಂಗಡಿಗೆ ಹೋಗದವರಿಗಾಗಿ ಹೇಳುತ್ತೇನೆ. ಟೇಸನ್ ಬರ್ಗರಿನ ಯಾವ ಅಂಗಡಿಯಲ್ಲೂ ಬರ್ಗರನ್ನು ಕೈಗೆ ಕೊಡುವುದಿಲ್ಲ. ಗಿರಾಕಿ ಎರಡೂ ಕೈಯಲ್ಲಿ ಕಾಗದ ಹರವಿ ಹಿಡಿಯಬೇಕು. ಕೌಂಟರಿನಲ್ಲಿರುವವರು ಬರ್ಗರನ್ನು ಹೆಗಲಿನ ಮಟ್ಟಕ್ಕೆ ಎತ್ತಿ ಬಿಡುತ್ತಾರೆ. ಅದು ಬನ್ನು ಸರಿಯದಂತೆ, ಖಾರ ಚೆಲ್ಲದಂತೆ ಕಾಗದದಲ್ಲಿ ಕೂರುತ್ತದೆ. ಮಕ್ಕಳು ಕುಣಿಯುತ್ತವೆ, ಕಾಲೇಜಿನವರು ರೀಲ್ಸ್ ಮಾಡುತ್ತಾರೆ. ಕೆಲಸಕ್ಕೆ ಸೇರಿದವರಿಗೆ ಮೊದಲು ಕಲಿಸುವುದೇ ಇದನ್ನು.

ನಾನು ಡಬ್ಬಿ ಮುಚ್ಚಿಬಿಟ್ಟೆ.

ಶೆಟ್ಟೆಪ್ಪನ ಗಾಡಿ ಯಾವತ್ತೂ ಪ್ಲಾಟ್‌ಫಾರ್ಮಿನ ಮೇಲೆ ಇರಲೇ ಇಲ್ಲ. ಅದು ನಮ್ಮೂರ ರೈಲ್ವೆ ಟೇಸನ್ನಿನ ಹೊರಗೆ, ರಸ್ತೆಯ ಆಚೆ, ಬಸ್ಸು ನಿಲ್ಲುವ ಕಡೆ ಇತ್ತು. ಅವನು ಮೊದಲು ಬರೀ ಭಜಿ ಮಾರುತ್ತಿದ್ದ. ಅವ್ವ ಹಿಂದೆ ಗೋಣಿಚೀಲದ ಪರದೆಯ ಆಚೆ ಕುಳಿತು ಹಿಟ್ಟು ಕಲಸಿ ಕರಿಯುತ್ತಿದ್ದಳು. ಒಂದು ದಿನ ಭಜಿಯ ಜತೆ ಕೊಡುವ ಪಾವ್ ಬರಲಿಲ್ಲವೆಂದು ಬೇಕರಿಯ ಸಿಹಿ ಬನ್ನಿನಲ್ಲಿ ಕಾಳಿನ ಬಿಲ್ಲೆ ಇಟ್ಟು ಕೊಟ್ಟವಳು ಅವಳು. ತಿಂದ ಯಾರೋ ಕಾಲೇಜು ಹುಡುಗರು ಅದಕ್ಕೆ ಬರ್ಗರ್ ಎಂದು ಹೆಸರಿಟ್ಟರು. ವಾರದೊಳಗೆ ಭಜಿ ಕೇಳುವವರೇ ಇಲ್ಲದಂತಾಯಿತು.

ಊರಿಗೆಲ್ಲ ಗೊತ್ತಿತ್ತು, ಕರಿಯುವವಳು ನಮ್ಮ ಕೇರಿಯವಳು ಎಂದು. ತಿನ್ನುವವರಿಗೆ ಅದಕ್ಕೊಂದು ಉಪಾಯವೂ ಇತ್ತು. ಎಣ್ಣೆಯಲ್ಲಿ ಕರಿದದ್ದಕ್ಕೆ ಮೈಲಿಗೆ ತಟ್ಟುವುದಿಲ್ಲವಂತೆ! ಅನ್ನ, ನೀರಾದರೆ ಕೆಡುತ್ತದೆ, ಕರಿದದ್ದು ಕೆಡುವುದಿಲ್ಲ. ನಾಲಿಗೆಗೆ ಬೇಕಾದಾಗ ಶಾಸ್ತ್ರ ಎಷ್ಟು ಚೆನ್ನಾಗಿ ಬಗ್ಗುತ್ತದೆ ನೋಡಿ. ಆದರೆ ಕೊಡುವ ಕೈ ಮಾತ್ರ ಶೆಟ್ಟೆಪ್ಪನದೇ ಆಗಬೇಕು. ಶೆಟ್ಟೆಪ್ಪ ಸಾಮಾನು ತರಲು ಹೋದಾಗ ಅವ್ವ ಪರದೆಯಿಂದ ಹೊರಗೆ ಬಂದರೆ, ಹಸಿದು ನಿಂತವರು ಕೈ ಹಿಂದಕ್ಕೆ ಎಳೆದುಕೊಳ್ಳುತ್ತಿದ್ದರು. ಕೆಲವರು ಬಾಯಿಬಿಟ್ಟೇ ಹೇಳಿದರು. ಆಗ ಶೆಟ್ಟೆಪ್ಪ ಒಂದು ದಾರಿ ಕಂಡುಹಿಡಿದ: "ಸತ್ತೆವ್ವಾ, ಅವ್ರು ಪೇಪರ್ ಹಿಡೀಲಿ, ನೀ ಮ್ಯಾಲಿಂದ ಬಿಡು. ಅವ್ರಿಗೂ ತ್ರಾಸಿಲ್ಲ, ನಿನಗೂ ತ್ರಾಸಿಲ್ಲ."

ಮೊದಮೊದಲು ಬನ್ನು ಬಿಚ್ಚಿ ಮಣ್ಣಿಗೆ ಬೀಳುತ್ತಿತ್ತು. ಬಿದ್ದಾಗ ಬೈಗಳು ಅವ್ವನಿಗೆ. ಅವಳು ಮನೆಯಲ್ಲಿ ಹಸಿ ರೊಟ್ಟಿ ಹಿಟ್ಟಿನ ಉಂಡೆ ಹಿಡಿದು, ನನ್ನ ಕೈಯಲ್ಲಿ ಹಳೆಯ ಪೇಪರು ಕೊಟ್ಟು, ಎತ್ತಿ ಬಿಡುವುದನ್ನು ಕಲಿತಳು. ನನಗೆ ಅದು ಆಟ. ನಾನು ನಗುತ್ತಿದ್ದೆ, ಅವಳು ನಗುತ್ತಿರಲಿಲ್ಲ.

ಇದು ಟೇಸನ್ ಡ್ರಾಪ್‌ನ ಚರಿತ್ರೆ. ರೈಲಂತೆ, ಅವಸರವಂತೆ!

ಸಮಾರಂಭಕ್ಕೆ ನಾಲ್ಕು ದಿನ ಇರುವಾಗ ಶೆಟ್ಟೆಪ್ಪನ ಮಗ ರಾಹುಲ ನಮ್ಮ ಮನೆಗೆ ಬಂದ. ಈಗ ವ್ಯವಹಾರವೆಲ್ಲ ಅವನದೇ. ಒಳ್ಳೆಯ ಹುಡುಗ, ಅದೇ ಕಷ್ಟ. ಬುದ್ಧನ ಫೋಟೋದ ಕೆಳಗಿನ ಕುರ್ಚಿಯಲ್ಲಿ ಕುಳಿತು ಎರಡು ಸಲ ಚಹಾ ಕೇಳಿ ಕುಡಿದ. ಅವ್ವನ ಕಡೆ ತಿರುಗಿ, "ಕಾಕು, ನೀವ ಸ್ಟೇಜ್ ಮ್ಯಾಲ ಬರಬೇಕು. ಫಸ್ಟ್ ಡ್ರಾಪ್ ನಿಮ್ಮ ಕೈಲೆ ಆಗಬೇಕು. ಅಪ್ಪ ಗಿರಾಕಿ ಆಗಿ ಪೇಪರ್ ಹಿಡೀತಾನ, ನೀವ ಬಿಡ್ರಿ. ಜನ ಹುಚ್ಚ ಆಗ್ತಾರ" ಎಂದ.

"ರಾಹುಲ, ಆ ಡ್ರಾಪ್ ಯಾಕ ಚಾಲೂ ಆತು ಗೊತ್ತೈತೇನ ನಿನಗ?" ಎಂದೆ ನಾನು.

"ರೈಲಿಂದ ಅಲ್ಲೇನಕ್ಕಾ?"

ಹೇಳಿದೆ. ಒಂದನ್ನೂ ಬಿಡದೆ ಹೇಳಿದೆ. ಅವನ ಮುಖ ಸಣ್ಣದಾಯಿತು. ಖರೆಯಾಗಿಯೂ ಅವನಿಗೆ ಗೊತ್ತಿರಲಿಲ್ಲ. ಕಪ್ಪನ್ನು ಕೆಳಗಿಟ್ಟ. ಅಷ್ಟು ಸಾಕಿತ್ತು, ಅಲ್ಲಿಗೇ ಎದ್ದು ಹೋಗಿದ್ದರೆ ನಾನು ಅವನನ್ನು ಇವತ್ತಿಗೂ ಒಳ್ಳೆಯವನೆಂದೇ ಹೇಳುತ್ತಿದ್ದೆ. ಆದರೆ ಅವನು ಬಾಯಿ ತೆರೆದ. "ಅಕ್ಕಾ, ಆಗಿದ್ದು ಆಗಿ ಹೋತು. ಈಗ ಯಾರ ನೋಡ್ತಾರ ಅದನ್ನೆಲ್ಲಾ? ಖುಷಿ ಕಾರ್ಯಕ್ರಮದಾಗ ಅದನ್ನ ತಂದ್ರ ಛಲೋ ಅನಸೂದಿಲ್ಲ. ಈಗ ಡ್ರಾಪ್ ಅಂದ್ರ ಪ್ರೀತಿ ಅಕ್ಕಾ, ಅಷ್ಟ."

"ಏಳು" ಎಂದೆ. "ಚಹಾ ಮುಗೀತಲ್ಲ, ಏಳು."

"ನಾ ಬರ್ತೇನಿ" ಎಂದಳು ಅವ್ವ. "ಹೇಳು ನಿಮ್ಮಪ್ಪಗ, ಸತ್ತೆವ್ವ ಬರ್ತಾಳಂತ."

ಅವನು ಹೋದ ಮೇಲೆ ನಾನು ಅವ್ವನ ಮೇಲೆ ಹಾರಾಡಿದೆ. ನಾನು ಆಸ್ಪತ್ರೆಯಲ್ಲಿ ಎಲ್ಲ ಜಾತಿಯವರ ಮೈ ಮುಟ್ಟುತ್ತೇನೆ. ನೋವು ಹೆಚ್ಚಾದಾಗ ನನ್ನ ಕೈ ಹಿಡಿದು ಬಿಡುವುದಿಲ್ಲ ಜನ. ನನ್ನ ತಾಯಿ ಮಾತ್ರ ನೂರಾರು ಜನರೆದುರು ನಿಂತು, ತನ್ನ ಕೈ ಮುಟ್ಟಬಾರದ್ದು ಎಂದು ಆಡಿ ತೋರಿಸಬೇಕೆ? ಚಪ್ಪಾಳೆಗಾಗಿ? "ನೀ ಅಲ್ಲಿ ಒಂದ ಸಲ ಬಿಟ್ರ ಮುಗೀತವ್ವಾ. ರೈಲಿನ ಕಥೀನ ಖರೆ ಅಂತ ನೀನ ಮುದ್ರಿ ಒತ್ತಿದಂಗ. ಆಮ್ಯಾಲ ನಾವ ಏನ ಹೇಳಿದ್ರೂ ಯಾರೂ ನಂಬೂದಿಲ್ಲ" ಎಂದು ಕೂಗಿದೆ.

ಅವ್ವ ಕಾಳು ಹಸನು ಮಾಡುತ್ತ ಕುಳಿತಿದ್ದಳು. ತಲೆ ಎತ್ತಲಿಲ್ಲ. "ಮೂಡಲಗಿ ಅಂಗಡಿ, ಹುಕ್ಕೇರಿ ಅಂಗಡಿ, ಎಲ್ಲಾ ಕಡೆ ಹೆಣ್ಣಮಕ್ಕಳಿಗೆ ಕರಿಯಾಕ ಕಲಿಸಿದಾಕಿ ನಾ. ನಂದೂ ಹಬ್ಬ ಐತಿ ಅದು. ಯಾಕ ಬಿಡ್ಲಿ? ಬಾಯಿ ಮುಚ್ಚು" ಎಂದಳು.

ಎರಡು ದಿನ ನಾವು ಮಾತಾಡಲಿಲ್ಲ.

ಸಮಾರಂಭ ಗೋಕಾಕದ ದೊಡ್ಡ ಮಂಗಲ ಕಾರ್ಯಾಲಯದಲ್ಲಿ, ಬೆಳಿಗ್ಗೆ ಹನ್ನೊಂದಕ್ಕೆ. ಬಾಗಿಲಲ್ಲೇ ಥರ್ಮಾಕೋಲಿನ ರೈಲು ಎಂಜಿನ್ ನಿಲ್ಲಿಸಿದ್ದರು, ಅದರ ಮುಂದೆ ಸೆಲ್ಫಿಗೆ ಸಾಲು. ಒಂದು ಕಡೆ ಮಕ್ಕಳಿಗೆ ಡ್ರಾಪ್ ಸ್ಪರ್ಧೆ. ಸ್ಪಂಜಿನ ಬರ್ಗರುಗಳು ಮೇಲಿಂದ ಕೆಳಗೆ ಬೀಳುತ್ತಿದ್ದವು, ತಾಯಂದಿರು ಭಲೇ ಎನ್ನುತ್ತಿದ್ದರು. ನನಗೆ ಆ ಎಂಜಿನ್ನನ್ನು ಒದೆಯಬೇಕೆನಿಸಿತು. ಅವ್ವ ಬಿಳಿ ಸೀರೆ ಉಟ್ಟಿದ್ದಳು, ನಮ್ಮ ಬುದ್ಧ ವಿಹಾರಕ್ಕೆ ಹೋಗುವಾಗ ಉಡುವುದು. ಮುಂದಿನ ಸಾಲಿನಲ್ಲಿ ಕೂರಿಸಿದರು.

ಆ ಚಿತ್ರ ಹಾಕಿದರು. ಶೆಟ್ಟೆಪ್ಪ ವೇದಿಕೆಯ ಮೇಲೆ ರುಮಾಲು ಸುತ್ತಿಕೊಂಡು ಕುಳಿತು ತನ್ನನ್ನು ತಾನೇ ಪರದೆಯಲ್ಲಿ ನೋಡುತ್ತಿದ್ದ. ಅವನ ಕಣ್ಣಲ್ಲಿ ನೀರಿತ್ತು. ಇಪ್ಪತ್ತೈದು ವರ್ಷದಲ್ಲಿ ಆ ರೈಲು ಅವನಿಗೂ ನಿಜವೇ ಆಗಿಬಿಟ್ಟಿತ್ತೇನೋ. ಆಮೇಲೆ ಬೆಳಗಾವಿಯಿಂದ ಕರೆಸಿದ ನಿರೂಪಕಿ ಮೈಕಿನಲ್ಲಿ, "ಈಗ ವೇದಿಕೆಗೆ, ನಮ್ಮೆಲ್ಲರ ಪ್ರೀತಿಯ ಸತ್ತೆವ್ವ ಕಾಕು!" ಎಂದು ಕೂಗಿದಳು. ಸಭೆ ಎದ್ದು ನಿಂತು ಚಪ್ಪಾಳೆ ತಟ್ಟಿತು. ಅವ್ವ ಮೆಟ್ಟಿಲು ಹತ್ತಿದಳು. ನಾನು ನೆಲ ನೋಡುತ್ತಿದ್ದೆ. ಹೋಗು, ಬಿಡು, ಮುಗಿಸು ಎಂದು ಮನಸ್ಸಿನಲ್ಲೇ ಬೈಯುತ್ತಿದ್ದೆ.

ತಟ್ಟೆಯಲ್ಲಿ ಬಿಸಿ ಬರ್ಗರ್ ತಂದರು. ಶೆಟ್ಟೆಪ್ಪ ಎದ್ದು ಬಂದು, ನಗುತ್ತ, ಎರಡೂ ಕೈಯಲ್ಲಿ ಕಾಗದ ಹರವಿ ಹಿಡಿದ. ನೂರು ಮೊಬೈಲು ಮೇಲೆದ್ದವು. ನಿರೂಪಕಿ ಸಭೆಯಿಂದ ಎಣಿಕೆ ಹಾಕಿಸಿದಳು: ಒಂದು, ಎರಡು...

ಅವ್ವ ಬರ್ಗರನ್ನು ಬಲಗೈಗೆ ತೆಗೆದುಕೊಂಡಳು, ಮೇಲೆತ್ತಲಿಲ್ಲ. ಎಡಗೈಯಿಂದ ಶೆಟ್ಟೆಪ್ಪನ ಕೈಯಲ್ಲಿದ್ದ ಕಾಗದವನ್ನು ತೆಗೆದು ಬದಿಗೆ ಇಟ್ಟಳು. ಒಂದು ಹೆಜ್ಜೆ ಮುಂದೆ ಹೋಗಿ, ಬರಿದಾಗಿ ಉಳಿದ ಅವನ ಅಂಗೈಯನ್ನು ಹಿಡಿದು, ಅದರಲ್ಲಿ ಬರ್ಗರ್ ಇಟ್ಟಳು.

ಶೆಟ್ಟೆಪ್ಪನ ಕೈ ಹಿಂದಕ್ಕೆ ಸರಿಯಿತು.

ಅವನು ಸರಿಸಿದ್ದಲ್ಲ, ನಾನು ಆ ಮಾತನ್ನು ನ್ಯಾಯವಾಗಿ ಹೇಳಲೇಬೇಕು. ಕೈ ತಾನೇ ಸರಿಯಿತು, ಕಾದ ಹಂಚು ತಾಗಿದಾಗ ಸರಿಯುವ ಹಾಗೆ. ಬರ್ಗರ್ ವೇದಿಕೆಯ ಮೇಲೆ ಬಿತ್ತು. ಬನ್ನು ಒಂದು ಕಡೆ, ಬಿಲ್ಲೆ ಒಂದು ಕಡೆ, ಖಾರ ಅವನ ಹೊಸ ಧೋತರದ ಮೇಲೆ.

ಸಭೆ ಕ್ಷಣ ತಡೆದು, ಆಮೇಲೆ ಹೋ ಎಂದು ಚಪ್ಪಾಳೆ ತಟ್ಟಿತು. ಇದೂ ಆಟವೆಂದುಕೊಂಡಿದ್ದರು! "ಸೂಪರ್ ಡ್ರಾಪ್ ಕಾಕು!" ಎಂದಳು ನಿರೂಪಕಿ. ನಾನು ಕುರ್ಚಿಯಿಂದ ಎದ್ದುಬಿಟ್ಟಿದ್ದೆ. ವೇದಿಕೆಯ ಮೇಲೆ ಶೆಟ್ಟೆಪ್ಪ ತನ್ನ ಅಂಗೈಯನ್ನೇ ನೋಡುತ್ತಿದ್ದ. ಅದು ಬೇರೆ ಯಾರದೋ ಎಂಬಂತೆ ನೋಡುತ್ತಿದ್ದ.

"ಸತ್ತೆವ್ವಾ... ನಾ ಬೇಕಂತ ಮಾಡ್ಲಿಲ್ಲವ್ವಾ" ಎಂದ. ಕೊರಳಿಗೆ ಸಿಕ್ಕಿಸಿದ್ದ ಮೈಕು ಅದನ್ನು ಸಭೆಗೆಲ್ಲ ಕೇಳಿಸಿತು. ಚಪ್ಪಾಳೆ ನಿಂತಿತು.

"ನನಗೂ ಗೊತ್ತೈತಿರಿ ಅಣ್ಣಾ" ಎಂದಳು ಅವ್ವ. ಅವಳ ದನಿ ಏರಲಿಲ್ಲ, ಮೈಕು ಬೇಕಾಗಲೂ ಇಲ್ಲ. "ಬೇಕಂತ ಮಾಡಿದ್ರ ನಾಲ್ಕ ಬೈದು ಮನಿಗೆ ಹೋಗತಿದ್ನಿ. ಇಪ್ಪತ್ತೈದ ವರ್ಷ ನಾ ಮಾಡಿದ್ದ ತಿಂದೀರಿ. ನನ್ನ ಕೈಯಾಗಿಂದ ಒಮ್ಮಿನೂ ತೊಗೊಂಡಿಲ್ಲ. ನಿಮಗ ಅದು ಗೊತ್ತೂ ಇಲ್ಲ. ಅದಕ್ಕ ನನಗ ಸಿಟ್ಟು."

ಆಮೇಲೆ ಕೆಳಗೆ, ಕ್ಯಾಮೆರಾದವನ ಪಕ್ಕ ನಿಂತಿದ್ದ ರಾಹುಲನ ಕಡೆ ತಿರುಗಿದಳು. "ತಗದೀ ಇಲ್ಲೋ ತಮ್ಮಾ? ಇದನ್ನ ಹಾಕು ನಿನ್ನ ಸಿನಿಮಾದಾಗ. ಡ್ರಾಪ್ ಹಿಂಗ ಚಾಲೂ ಆತು."

ಹಿಂದಿನ ಸಾಲುಗಳಲ್ಲಿ ಅಂಗಡಿಗಳ ಅಡುಗೆಮನೆಯ ಹೆಂಗಸರು ಕೆಂಪು ಏಪ್ರನ್ ಹಾಕಿಕೊಂಡು ಕುಳಿತಿದ್ದರು. ಮೂಡಲಗಿಯ ಫಕೀರವ್ವ ಎದ್ದು ನಿಂತಳು. ಅವಳ ಪಕ್ಕದವಳೂ ಎದ್ದಳು.

ಶೆಟ್ಟೆಪ್ಪ ಬಗ್ಗಿ, ಬಿದ್ದದ್ದನ್ನು ತಾನೇ ಬಾಚಿ ತಟ್ಟೆಗೆ ಹಾಕಿದ. ಎದ್ದು ನಿಂತು, ಖಾರ ಮೆತ್ತಿದ ಅಂಗೈಯನ್ನು ಅವ್ವನ ಮುಂದೆ ಚಾಚಿದ. "ಇನ್ನೊಂದ ಕೊಡವ್ವಾ. ಕೈಯಾಗ ಕೊಡು. ಈಗ ಹಿಡೀತೇನಿ" ಎಂದ. ಮೊಬೈಲುಗಳು ಮತ್ತೆ ಮೇಲೆದ್ದವು. ನಿರೂಪಕಿ ಓಡಿಹೋಗಿ ಇನ್ನೊಂದು ಬರ್ಗರ್ ತಂದಳು. ಕೊಟ್ಟರೆ ಎಲ್ಲ ಸರಿಹೋಗುತ್ತಿತ್ತು, ಚಪ್ಪಾಳೆ, ಕಣ್ಣೀರು, ಊಟ. ರಾಹುಲನ ಮುಖದಲ್ಲಿ ಆಗಲೇ ಜೀವ ಬಂದಿತ್ತು.

ಅವ್ವ ಆ ಕೈಯನ್ನು ನೋಡಿದಳು. ತಟ್ಟೆ ಮುಟ್ಟಲಿಲ್ಲ.

"ಈಗ ಎಲ್ಲಾರೂ ನೋಡಾಕತ್ತಾರಂತ ಕೇಳಾಕತ್ತೀರಿ ಅಣ್ಣಾ" ಎಂದಳು. "ಯಾರೂ ಇಲ್ದಾಗ ನಮ್ಮ ಮನಿಗೆ ಬರ್ರಿ. ಕೊಡ್ತೇನಿ."

ಮೆಟ್ಟಿಲಿಳಿದು ಬಂದು ನನ್ನ ರಟ್ಟೆ ಹಿಡಿದಳು. ನಾವು ಊಟ ಮಾಡದೆ ಬಸ್ಸು ಹತ್ತಿದೆವು.

ಆ ವಿಡಿಯೋ ಎಲ್ಲರ ಮೊಬೈಲಿನಲ್ಲೂ ಓಡಾಡಿತು. ಕಂಪನಿಯವರು ತಮ್ಮ ಚಿತ್ರವನ್ನು ತೆಗೆದುಹಾಕಿ, ಎಲ್ಲರನ್ನೂ ಗೌರವಿಸುತ್ತೇವೆ ಎಂದು ಚಂದದ ಅಕ್ಷರದಲ್ಲಿ ಒಂದು ಸಾಲು ಹಾಕಿದರು. ರಾಹುಲ ಹೂವಿನ ಬುಟ್ಟಿ ಕಳಿಸಿದ. ಹುಕ್ಕೇರಿಯ ಅಂಗಡಿಯಲ್ಲಿ ಮೊನ್ನೆಯೂ ಮೇಲಿಂದಲೇ ಬಿಡುತ್ತಿದ್ದರು, ನಾನೇ ನೋಡಿ ಬಂದೆ.

ದೀಪಾವಳಿ ಮುಗಿಯಿತು, ಕಬ್ಬಿನ ಗಾಡಿಗಳು ಓಡಾಡಲು ಶುರುವಾದವು. ಶೆಟ್ಟೆಪ್ಪನ ಮನೆಯಿಂದ ನಮ್ಮ ಮನೆಗೆ ನಡೆದರೆ ಹತ್ತು ನಿಮಿಷದ ದಾರಿ. ಅವನು ಇನ್ನೂ ಬಂದಿಲ್ಲ.