ನೇರಳೆ ಉಂಗುರ

ಕನ್ನಡಕ ತೆಗೆದು ಜೇಬಿಗೆ ಹಾಕಿಕೊಂಡೇ ನಾನು ಗಾಜಿನ ಮನೆಯೊಳಗೆ ಕಾಲಿಡುತ್ತಿದ್ದೆ. ಆಯುಷ್ಯವೆಲ್ಲ ಬಟಾಣಿಯ ಹೊಸ ತಳಿ ಮಾಡುತ್ತ ಬಂದವನು ಒಂದು ಕುಂಡಕ್ಕೆ ತಡಕಾಡಿ ನೀರು ಹಾಕುವುದನ್ನು ಕಂಡರೆ ಯಾರಿಗಾದರೂ ನಗು ಬರುತ್ತದೆ. ನಗಲಿ, ನನ್ನ ಗಂಟೇನು ಹೋಗುತ್ತದೆ?

ಆ ಕುಂಡದಲ್ಲಿದ್ದದ್ದು ನನ್ನ ಹೆಂಡತಿ ಮಾಡಿದ ಕೊನೆಯ ಸಂಕರ.

ಸಿಹಿ ಕಾಳಿನ, ಬಿಳಿ ಹೂವಿನ ನಮ್ಮ ಬಟಾಣಿ ಬೂದಿ ರೋಗ ತಗುಲಿದರೆ ನೆಲ ಕಚ್ಚುತ್ತದೆ. ನೇರಳೆ ಹೂವಿನ ಕಾಡು ಬಟಾಣಿಗೆ ಆ ರೋಗ ಲೆಕ್ಕಕ್ಕೇ ಇಲ್ಲ, ಆದರೆ ಕಾಳು ಬಾಯಿಗಿಟ್ಟರೆ ಕಹಿ. ಎರಡನ್ನೂ ಕೂಡಿಸಲು ನಾವಿಬ್ಬರೂ ಹೆಣಗಿದ್ದು ಅಷ್ಟಿಷ್ಟಲ್ಲ. ಬಿಳಿ ಹೂವನ್ನು ಮೊಗ್ಗಾಗಿರುವಾಗಲೇ ಗಿಡದಲ್ಲೇ ಮೆಲ್ಲಗೆ ತೆರೆದು, ಪರಾಗ ಹೊತ್ತ ಅದರ ಎಳೆಗಳನ್ನು ಚಿಮಟದಿಂದ ಕಿತ್ತು, ಕಾಡಿನದರ ಪರಾಗ ಸವರಬೇಕು. ಒಂದೆಳೆ ಉಳಿದರೂ ಕೆಟ್ಟಿತು, ಹೂವು ತನಗೆ ತಾನೇ ಬಸಿರಾಗುತ್ತದೆ. ಸಂಸ್ಥೆಯಲ್ಲಿ ನಮ್ಮನ್ನು ಜೋಡೆತ್ತು ಅನ್ನುತ್ತಿದ್ದರು.

ಕಾಯಿಲೆಯಿಂದ ಕೈ ನಡುಗತೊಡಗಿದ ಮೇಲೂ ಅವಳು, "ಈ ಮೊಗ್ಗು ನಂದು, ನೀವು ಮುಟ್ಟಬೇಡಿ" ಎಂದು ನನ್ನನ್ನು ಗದರಿ ತಾನೇ ಮಾಡಿದಳು. ಕಾಯಿ ಬಲಿಯುವ ಹೊತ್ತಿಗೆ ಅವಳಿರಲಿಲ್ಲ. ಒಳಗೆ ಗಟ್ಟಿಯಾಗಿದ್ದದ್ದು ಒಂದೇ ಕಾಳು. ಬಿತ್ತಿದೆ, ಹುಟ್ಟಿತು.

ಸಂಕರ ಕೂಡಿಬಂದಿದ್ದರೆ ಹೂ ಬಿಡುವ ಮೊದಲೇ ಎಲೆಯ ಬುಡದಲ್ಲಿ ನೇರಳೆ ಉಂಗುರ ಮೂಡುತ್ತದೆ. ಇಲ್ಲದಿದ್ದರೆ ಬರೀ ಹಸಿರು. ಅದು ಗೊತ್ತಿದ್ದೇ ಕನ್ನಡಕ ತೆಗೆಯುತ್ತಿದ್ದೆ. ಅವಳ ಕೈ ಕೊನೆಗೆ ಸೋತಿತು ಅನ್ನುವುದನ್ನು ನೋಡುವ ಧೈರ್ಯ ನನಗಿರಲಿಲ್ಲ.

ಕೆಳಗಿನ ಲ್ಯಾಬಿನಲ್ಲಿ ಕೆಲಸ ಮಾಡುವ ನನ್ನ ನಾದಿನಿ ಬಿಡುತ್ತಿರಲಿಲ್ಲ. "ಒಂದೆಲೆ ಕೊಡಿ ಭಾವ, ಡಿಎನ್‌ಎ ನೋಡಿ ಹೇಳಿಬಿಡ್ತೀನಿ."

"ಬೇಡ. ಎಳೆ ಗಿಡ, ನೋವಾಗತ್ತೆ."

"ಗಿಡಕ್ಕಾ, ನಿಮಗಾ?"

ಬಾಯಿಗೆ ಬಂದದ್ದು ಅಂದು ಅವಳನ್ನು ಅಟ್ಟಿದೆ. ಆಮೇಲೆ ಅವಳು ಕೇಳುವುದನ್ನೇ ಬಿಟ್ಟಳು.

ಇವತ್ತು ಬಳ್ಳಿ ವಾಲಿತ್ತು, ಕೋಲು ನೆಟ್ಟು ಕಟ್ಟಲೇಬೇಕಾಯಿತು. ಕಣ್ಣು ಕಾಣದೆ ದಾರ ಬಿಗಿದರೆ ಕಾಂಡವೇ ಮುರಿದೀತು. ವಿಧಿಯಿಲ್ಲದೆ ಕನ್ನಡಕ ಹಾಕಿಕೊಂಡೆ.

ಒಂದೊಂದು ಎಲೆಯ ಬುಡದಲ್ಲೂ ನೇರಳೆ ಉಂಗುರ.

"ಲೇ, ಬಾರೇ ಇಲ್ಲಿ! ನಿನ್ನ ಮೊಗ್ಗು ಕೂಡಿಬಂದಿದೆ ಕಣೇ!" ಎಂದು ನನ್ನ ಹೆಂಡತಿ ಕೂರುತ್ತಿದ್ದ ಸ್ಟೂಲಿನ ಕಡೆ ತಿರುಗಿ ಕೂಗಿದೆ.

ಸ್ಟೂಲಿನ ಮೇಲೆ ನೀರಿನ ಡಬ್ಬ ಇತ್ತು. ಅದನ್ನು ಅಲ್ಲಿಟ್ಟವನು ನಾನೇ. ಇಷ್ಟು ದಿನ ಹಸಿರು ಕಂಡೀತೆಂದು ಜೀವ ಕೈಯಲ್ಲಿ ಹಿಡಿದುಕೊಂಡಿದ್ದೆ. ನೇರಳೆ ಕಂಡರೆ ಹೇಳಲು ಅವಳಿಲ್ಲ ಅನ್ನುವುದು ತಲೆಗೇ ಹೊಳೆದಿರಲಿಲ್ಲ. ಅಳು ತಡೆಯಲಾಗಲಿಲ್ಲ.

ಕೂಗು ಕೇಳಿ ಓಡಿಬಂದ ನಾದಿನಿ ಬಾಗಿಲಲ್ಲೇ ನಿಂತಿದ್ದಳು.

"ನನಗೆ ಹೋದ ವಾರವೇ ಕಾಣಿಸಿತ್ತು ಭಾವ," ಅಂದಳು. "ಅಕ್ಕನಿಗೆ ಮೊದಲು ನೀವೇ ಹೇಳಿ ಅಂತ ಸುಮ್ಮನಿದ್ದೆ."

ನಾನು ಡಬ್ಬವನ್ನು ಎತ್ತಿ ನೆಲಕ್ಕಿಟ್ಟೆ. ಸ್ಟೂಲಿನ ಮೇಲೆ ಇಬ್ಬರೂ ಕೂರಲಿಲ್ಲ.