ಕಿವಿಗೆ ತೂತಿಲ್ಲದ ಇಲಿ

ಗೀತಾಂಜಲಿ ಮೂರನೆಯ ಇಲಿಯ ಕಿವಿಯನ್ನೂ ದೀಪಕ್ಕೆ ಹಿಡಿದು ನೋಡಿದಳು. ಅದಕ್ಕೂ ತೂತಿರಲಿಲ್ಲ.

"ಉಡಚವ್ವಾ!"

ಧಾರವಾಡದ ಆ ಸಂಶೋಧನಾ ಕೇಂದ್ರದಲ್ಲಿ ಅವಳ ದನಿಗೆ ಹೆದರದವರಿರಲಿಲ್ಲ. ಕೋಪ ಸದಾ ಮೂಗಿನ ತುದಿಯಲ್ಲೇ. ನಾಲ್ಕು ವರ್ಷ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಅವಳು ಹೊಸ ಲಸಿಕೆಗಾಗಿ ಕಟ್ಟಿದ್ದು ಒಂದು ಬೆರಕೆ ವೈರಸ್ಸು: ಒಡಲು ಹಳೆಯ ಲಸಿಕೆಯದು, ಮೇಲಿನ ಅಂಗಿ ಸೊಳ್ಳೆ ಹರಡುವ ಮಿದುಳು ಜ್ವರದ್ದು. ಹತ್ತು ಇಲಿಗಳಿಗೆ ಅದನ್ನು ಚುಚ್ಚಿ, ಗುರುತಿಗೆ ಕಿವಿಗೆ ತೂತು ಹಾಕಿದ್ದಳು. ಇನ್ನು ಹತ್ತಕ್ಕೆ ಏನೂ ಕೊಟ್ಟಿರಲಿಲ್ಲ. ಆಮೇಲೆ ಇಪ್ಪತ್ತಕ್ಕೂ ನಿಜವಾದ ಜ್ವರ ಹತ್ತಿಸಿದಳು. ಲಸಿಕೆಯಿಲ್ಲದವು ಹತ್ತೂ ಸತ್ತವು. ಲಸಿಕೆ ಪಡೆದ ಇವು ಹದಿನಾಲ್ಕು ದಿನವೂ ಹತ್ತಕ್ಕೆ ಹತ್ತು ಬದುಕಿದ್ದವು. ಇನ್ನು ಈ ಜ್ವರಕ್ಕೆ ಮಕ್ಕಳು ಸಾಯುವುದಿಲ್ಲವೆಂದು ಅವಳು ನಿನ್ನೆ ಸಂತೋಷದಿಂದ ಅತ್ತಿದ್ದಳು.

"ಇದು ನನ್ನ ಇಲಿ ಅಲ್ಲ. ಎಲ್ಲಿಂದ ಬಂತು?"

ಇಲಿಗಳಿಗೆ ಕಾಳು, ನೀರು ಹಾಕುವ ಉಡಚವ್ವ ಸೆರಗಿಗೆ ಕೈ ಒರೆಸಿಕೊಂಡಳು. "ಹಿಂದಿನ ಪಂಜರದಾಗಿನ ಹೊಸಾ ಇಲಿ ತಂದು ಬಿಟ್ಟೇನ್ರಿ. ಸತ್ತವನ್ನ ಸುಡೂ ಪೆಟ್ಟಿಗ್ಯಾಗ ಹಾಕೇನಿ."

"ಯಾರು ಹೇಳಿದ್ರು ನಿನಗ?"

"ನೀವ ಹೇಳಿದ್ರಲ್ರಿ ಬಾಯಾರ! ಆ ಹತ್ತು ಸತ್ರ ಸಾಯ್ಲಿ, ಈ ಹತ್ತರಾಗ ಒಂದ ಸತ್ರೂ ನಾಳಿಂದ ಮುಖಾ ತೋರಸಬ್ಯಾಡ ಅಂದ್ರಿ. ಹೋದ ವರ್ಷ ಒಂದು ಸತ್ತಾಗ ದಿನಾ ಪೂರ್ತಿ ಬಿಸಲಾಗ ನಿಂದರಿಸಿದ್ರಿ."

ಹೌದು, ನಿಲ್ಲಿಸಿದ್ದಳು. ಮರೆತೂ ಬಿಟ್ಟಿದ್ದಳು.

"ಎಷ್ಟು ಸತ್ತಾವ?"

"ಮೂರ್ರಿ."

"ಖರೇ ಹೇಳು!"

"ಎಂಟು."

ಗೀತಾಂಜಲಿ ಉಳಿದ ಏಳರ ಕಿವಿಯನ್ನೂ ನೋಡಿದಳು. ತೂತಿದ್ದವು ಎರಡೇ. ನಾಲ್ಕು ವರ್ಷದ ದುಡಿಮೆ ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗಾಗಿತ್ತು. ಉಡಚವ್ವನ ಕೆನ್ನೆಗೆ ಬಾರಿಸಬೇಕೆನಿಸಿತು. ಕೈಯನ್ನೂ ಎತ್ತಿದಳು.

ಆಗಲೇ ಬಾಗಿಲು ತೆರೆಯಿತು. ಅವಳ ಮೇಲಧಿಕಾರಿ, ಹಿರಿಯ ವಿಜ್ಞಾನಿ ಶಶಿಕಾಂತ ಕಾಗದ ಹಿಡಿದು ಬಂದಿದ್ದ.

"ಹತ್ತೂ ಉಳದಾವ ಅಂತ ದಿಲ್ಲಿಗೆ ಬರದೇನಿ. ಲಗೂ ಸಹಿ ಮಾಡು."

"ಎರಡು ಉಳದಾವ, ಸರ್."

"ನಿನ್ನೆ ಹತ್ತು ಅಂದಿ! ಯಾರು ತಪ್ಪ ಎಣಿಸ್ಯಾರ? ಇಕಿಯೇನು?"

"ನಾನ, ಸರ್."

"ನಾಚಿಕಿ ಆಗೂದಿಲ್ಲ ನಿನಗ? ಇನ್ನ ಈ ಕೆಲಸಾ ನಿನ್ನ ಕೈಯಾಗ ಇರೂದಿಲ್ಲ." ಅವನು ಬಾಗಿಲನ್ನು ದಢಾರನೆ ಎಳೆದುಕೊಂಡು ಹೋದ.

ಗೀತಾಂಜಲಿ ಸ್ಟೂಲಿನ ಮೇಲೆ ಕುಳಿತಳು. ತೂತಿಲ್ಲದ ಇಲಿಯೊಂದನ್ನು ಪಂಜರದಿಂದ ಎತ್ತಿ ಅಂಗೈಯಲ್ಲಿಟ್ಟುಕೊಂಡಳು. ಉಡಚವ್ವ ಹತ್ತಿರ ಬಂದಳು.

"ಬೈರಿ ಬಾಯಾರ. ಹಿಂಗ ಸುಮ್ಮ ಕುಂದರಬ್ಯಾಡ್ರಿ, ಅಂಜಿಕಿ ಬರತೈತಿ."

ಜ್ವರವನ್ನೇ ಕಾಣದ ಆ ಇಲಿ ಗೀತಾಂಜಲಿಯ ಅಂಗೈಯಲ್ಲಿ ಕುಳಿತು ಕೈಗವಸಿನ ಬೆರಳನ್ನು ಕಚ್ಚಿ ಎಳೆಯುತ್ತಿತ್ತು.